ಕೋಲ್‌ಸ್ಲಾ ಎಂದರೆ ನಮ್ಮ ಹಟ್ಟಿಯಲ್ಲಿ

ನಮ್ಮ ಹಟ್ಟಿಯಲ್ಲಿ ಒಂದು ಬೈಗುಳವಿದೆ. ಯಾರಾದರೂ ಮೂಗು ಮೇಲೆತ್ತಿಕೊಂಡು ನಡೆದು, ಊರಿಗೆಲ್ಲ ಬುದ್ಧಿ ಹೇಳಿ, ಕೊನೆಗೊಂದು ದಿನ ತಾವೇ ಎಲ್ಲರೆದುರು ಮುಗ್ಗರಿಸಿ ಬಿದ್ದರೆ ಅಂಥವರನ್ನು ‘ಕೋಲ್‌ಸ್ಲಾ’ ಅನ್ನುತ್ತಾರೆ. ಹೆಂಗಸರು ಟೀ ಎಲೆ ಕೀಳುತ್ತ ಅನ್ನುತ್ತಾರೆ, ಗಂಡಸರು ಎಲೆ ತೂಗಿಸಲು ಫ್ಯಾಕ್ಟರಿ ಮುಂದೆ ನಿಂತು ಅನ್ನುತ್ತಾರೆ. ಈಗಿನ ಮಕ್ಕಳು ಅದನ್ನು ಅಜ್ಜ ಮುತ್ತಜ್ಜರ ಕಾಲದ ಪದ ಅಂದುಕೊಂಡಿದ್ದಾರೆ. ಈಚೆಗೆ ಒಂದು ಮದುವೆಯಲ್ಲಿ, ಬಡಗ ಮಾತುಗಳನ್ನು ಕೂಡಿಹಾಕುತ್ತಿದ್ದ ಹುಡುಗನೊಬ್ಬ ನನ್ನ ಪಕ್ಕ ಊಟಕ್ಕೆ ಕೂತು, “ಅದು ಕೋಲು ಅನ್ನೋದರಿಂದ ಬಂದಿರಬೇಕು ಮೇಡಂ, ಕೋಲು ಹಿಡಿದು ಮೆರೆಯುವವನು ಅಂತ” ಅಂದ. ಕೋಲೂ ಇಲ್ಲ, ಕಂಬವೂ ಇಲ್ಲ, ಮಹರಾಯ. ಅದು ನನ್ನ ಸೋದರತ್ತೆ.

ಪದಗಳು ಯಾವಾಗ ಹುಟ್ಟಿದವೆಂದು ಯಾರೂ ಹೇಳಲಾರರು ಎನ್ನುತ್ತಾರೆ. ಇದು ಹುಟ್ಟಿದ್ದು ನನ್ನ ಕಣ್ಣೆದುರಿಗೆ. ಇನ್ನೊಬ್ಬ ಪಂಡಿತ ಬಂದು ಕೋಲು ಗೀಲು ಎಂದು ಬರೆಯುವ ಮೊದಲು ನಾನೇ ಹೇಳಿಬಿಡುತ್ತೇನೆ. ಮನೆಯಲ್ಲಿ ನಾವು ಆಡುವುದು ಬಡಗ, ಊಟಿ ಬೆಟ್ಟದವರ ಮಾತು. ಕನ್ನಡ ಓದುವವರಿಗೆ ತಿಳಿಯಲಿ ಎಂದು ಆ ಮಾತನ್ನು ಅಷ್ಟಿಷ್ಟು ಈಚೆಗೆ ಎಳೆದಿದ್ದೇನೆ. ನಮ್ಮವರು ಓದಿ ಬೈದರೆ ಬೈಯಲಿ, ಬೈಯುವುದರಲ್ಲಿ ಅವರು ಯಾವತ್ತೂ ಹಿಂದೆ ಬಿದ್ದವರಲ್ಲ.

ನಮ್ಮದು ಕುಂದಾ ಕಡೆಯ ಹಟ್ಟಿ. ಲಿಂಗ ಕಟ್ಟುವ ಮನೆತನ. ಮಾಂಸ, ಮೀನು, ಮೊಟ್ಟೆ ನಮ್ಮ ಹೊಸ್ತಿಲು ದಾಟಿದ್ದಿಲ್ಲ. ಅಪ್ಪ ಪವರ್‌ಹೌಸಿನಲ್ಲಿ ಕೆಲಸಕ್ಕಿದ್ದರು. ಚಿಕ್ಕಪ್ಪ ತೋಟ ನೋಡಿಕೊಳ್ಳುತ್ತಿದ್ದರು. ಮೇಲೆ ಟೀ, ಕೆಳಗಿನ ತಗ್ಗಿನಲ್ಲಿ ಕೋಸು. ಅವ್ವ ಬೆಳಗಾದರೆ ತೋಟಕ್ಕೆ ಹೋಗಿಬಿಡುವವಳು. ಒಳಗಿನ ಬಾಯಿಗಿಂತ ಹೊರಗಿನ ಚಳಿಯೇ ವಾಸಿ ಎನ್ನುತ್ತಿದ್ದಳು. ಒಳಗಿನ ಬಾಯಿ ಎಂದರೆ ಅತ್ತೆ, ಅಪ್ಪನ ಅಕ್ಕ. ಮನೆ ಯಾರದಾದರೂ ಆಗಿರಲಿ, ಒಲೆ ಅವಳದು.

ಅತ್ತೆ ಗಂಡನ ಮನೆ ಬಿಟ್ಟು ಬಂದವಳು. ಗಂಡ ಗೂಡಲೂರಿನಲ್ಲಿ ಕೆಲಸ ಮಾಡುತ್ತಿದ್ದ. ಅವನೂ ನಮ್ಮವನೇ, ಲಿಂಗ ಕಟ್ಟಿದವನೇ. ಆದರೆ ಮಧ್ಯಾಹ್ನ ಅಲ್ಲಿನ ಮಲಯಾಳಿ ಮೆಸ್ಸಿನಲ್ಲಿ ಮೀನಿನ ಸಾರು ಉಣ್ಣುತ್ತಿದ್ದ. ಮದುವೆಯಾಗಿ ಸ್ವಲ್ಪ ದಿನಕ್ಕೆ ಅತ್ತೆಗೆ ಅವನ ಅಂಗಿಯಲ್ಲಿ ವಾಸನೆ ಸಿಕ್ಕಿತು. ಅವನು ಕಾಲು ಹಿಡಿದುಕೊಂಡನಂತೆ. ಇನ್ನು ಮುಟ್ಟುವುದಿಲ್ಲ ಎಂದನಂತೆ. ಇವಳು ಟ್ರಂಕು ತಲೆ ಮೇಲಿಟ್ಟುಕೊಂಡು ನಡುವಟ್ಟಂ ಮೇಲೆ ಹೋಗುವ ಬಸ್ಸು ಹತ್ತಿ ಬಂದೇಬಿಟ್ಟಳು. ಒಂದು ಮೀನಿಗೋಸ್ಕರ ಗಂಡನನ್ನು ಬಿಟ್ಟವಳೆಂದು ಹಟ್ಟಿಯೆಲ್ಲ ಅವಳಿಗೆ ಕೈ ಮುಗಿಯುತ್ತಿತ್ತು, ಹೆದರುತ್ತಲೂ ಇತ್ತು. ಬಿಟ್ಟು ಬಂದ ಹೆಣ್ಣಿಗೆ ತಮ್ಮನ ಮನೆಯಲ್ಲಿ ಏನು ಬೆಲೆ ಎಂದು ನಾನು ಬೇರೆ ಮನೆಗಳಲ್ಲಿ ನೋಡಿದ್ದೇನೆ. ಹಸುವಿನ ಹಗ್ಗಕ್ಕಿರುವಷ್ಟೂ ಇಲ್ಲ. ನಮ್ಮ ಅತ್ತೆಗೆ ಮಾತ್ರ ಅಪ್ಪನೂ ಎದುರಾಡುತ್ತಿರಲಿಲ್ಲ. ಆ ಒಲೆ ಇರುವವರೆಗೆ ಅವಳಿಗೆ ಮನೆ ಇತ್ತು. ಅದು ಅವಳಿಗೂ ಗೊತ್ತಿತ್ತು.

ವರ್ಷಕ್ಕೊಮ್ಮೆ ಮೈಸೂರು ಸೀಮೆಯಿಂದ ಅಯ್ಯನೋರು ಘಾಟಿ ಹತ್ತಿ ಬರುತ್ತಿದ್ದರು. ಯಾವ ಮನೆಯಲ್ಲಿ ಪಾದಪೂಜೆ ಆದರೂ ಅಡುಗೆಗೆ ಕರೆ ಹೋಗುತ್ತಿದ್ದುದು ನಮ್ಮ ಅತ್ತೆಗೆ. ಅವಳ ಕೈಯದೆಂದರೆ ಎರಡನೇ ಮಾತಿಲ್ಲ. ಆ ದಿನ ಅವಳ ನಡಿಗೆಯೇ ಬೇರೆ. ಸೌಟು ಹಿಡಿದು ನಿಂತರೆ ದೊಡ್ಡ ದೊಡ್ಡ ಗಂಡಸರು ದಾರಿ ಬಿಡುತ್ತಿದ್ದರು.

ಚಿಕ್ಕಮ್ಮ ಈ ಮನೆಗೆ ಬಂದದ್ದು ಊಟಿ ಪೇಟೆಯಿಂದ. ನಮ್ಮವರೇ, ಆದರೆ ಅವಳ ಅಣ್ಣ ಊಟಿಯ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ. ಅಷ್ಟು ಸಾಕಾಯಿತು ಅತ್ತೆಗೆ. “ಹೋಟ್ಲು ಕೈ” ಎಂದು ಹೆಸರಿಟ್ಟಳು. ಹೊಸ ಸೊಸೆ ನೀರು ತಂದುಕೊಟ್ಟರೆ ಅದನ್ನು ಗಿಡಕ್ಕೆ ಹಾಕಿ, ತಾನೇ ಹೋಗಿ ಮೊಗೆದುಕೊಂಡು ಕುಡಿಯುತ್ತಿದ್ದಳು. ಅದೂ ಅವಳ ಕಣ್ಣ ಮುಂದೆಯೇ.

ಸಾರಿನ ವಿಷಯ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಆಗ ನಾನು ಶಾಲೆಯ ಹುಡುಗಿ. ಒಂದು ದಿನ ಅತ್ತೆ ಪಕ್ಕದ ಹಟ್ಟಿಗೆ ಸಾವಿಗೆ ಹೋಗಿದ್ದಳು. ಬರುವುದು ತಡವಾಯಿತು. ಎಲ್ಲರಿಗೂ ಹಸಿವು. ಚಿಕ್ಕಮ್ಮ ಮಿಂದು, ವಿಭೂತಿ ಇಟ್ಟುಕೊಂಡು, ಮೊದಲ ಸಲ ಒಲೆಯ ಮುಂದೆ ಕೂತಳು. ತವರಿನಿಂದ ತಂದ ಪುಡಿ ಹಾಕಿ ಅವರೆಕಾಳಿನ ಸಾರು ಮಾಡಿದಳು. ಅಯ್ಯೋ, ಆ ಘಮ! ತೋಟದಿಂದ ಬಂದ ಅವ್ವ ಕೈ ಕಾಲು ತೊಳೆಯುವುದನ್ನೂ ಮರೆತು ಬಾಗಿಲಲ್ಲಿ ನಿಂತುಬಿಟ್ಟಳು. ಎಲೆ ಹಾಕಬೇಕು ಎನ್ನುವಷ್ಟರಲ್ಲಿ ಅತ್ತೆ ಬಂದಳು. ಹಿತ್ತಲಲ್ಲಿ ಸ್ನಾನ ಮುಗಿಸಿ ಒಳಗೆ ಬಂದವಳೇ ಕೇಳಿದಳು.

“ನೀರು ಎಲ್ಲಿದು?”

“ಹೊರಗಿನ ಡ್ರಮ್ಮಿಂದು, ಅತ್ತಿಗೆ.”

ಹೊರಗಿನ ಡ್ರಮ್ಮಿನ ನೀರು ಕಾಲು ತೊಳೆಯಲು, ದನಕ್ಕೆ. ಅಡುಗೆಗೆ ಊರ ಮೇಲಿನ ಬುಗ್ಗೆಯ ನೀರೇ ಆಗಬೇಕು. ಅದನ್ನು ಚಿಕ್ಕಮ್ಮನಿಗೆ ಯಾರೂ ಹೇಳಿರಲಿಲ್ಲ. “ಎನಗೆ ಗೊತ್ತಿಲ್ಲೆ, ಅತ್ತಿಗೆ” ಎಂದಳು. ಪಾಪ, ನಗುತ್ತಲೇ ಎಂದಳು, ಅದು ಅಷ್ಟು ದೊಡ್ಡದೆಂದು ಅವಳಿಗೆ ಅನಿಸಿರಲಿಲ್ಲ.

“ಗೊತ್ತಿಲ್ಲೆ ಅನ್ನೋ ಮಾತು ಎನ್ನ ಅಡುಗೆಮನೆಲಿ ಇಲ್ಲೆ,” ಎಂದಳು ಅತ್ತೆ. “ಗೊತ್ತಿಲ್ಲದೆ ಮುಟ್ಟಿರೂ ಕಿಚ್ಚು ಸುಡ್ತದೆ.”

ಹಾಗೆಂದು ಪಾತ್ರೆ ಎತ್ತಿಕೊಂಡು ಹೋಗಿ ಹಿತ್ತಲಲ್ಲಿ ಚೆಲ್ಲಿದಳು. ಕಲ್ಲಿನ ಮೇಲೆ ಅದು ಬಿದ್ದ ಸದ್ದು ನನಗೆ ಈಗಲೂ ನೆನಪಿದೆ. ನಾವೆಲ್ಲ ಆ ದಿನ ಮಜ್ಜಿಗೆ ಅನ್ನ ಉಂಡೆವು. ಚಿಕ್ಕಮ್ಮ ಉಣ್ಣಲಿಲ್ಲ. ಅಂದಿನಿಂದ ಅವಳು ಒಳಗೆ ಹೋಗುವಂತಿರಲಿಲ್ಲ. ಅಡುಗೆಮನೆಗೂ ನಡುಮನೆಗೂ ನಡುವೆ ಒಂದು ಹಲಗೆ ಹಾಕಿತ್ತು. ಅದರ ಮೇಲೆ ಕೂತು ಕೋಸು ಹೆಚ್ಚಿಕೊಡುವುದು ಅವಳ ಕೆಲಸ. ವರ್ಷಗಟ್ಟಲೆ ಹೆಚ್ಚಿದಳು. ಚಿಕ್ಕಪ್ಪ ತುಟಿ ಬಿಚ್ಚಲಿಲ್ಲ. ಆ ಮನುಷ್ಯ ಊಟಕ್ಕೆ ಬಿಟ್ಟು ಇನ್ನು ಯಾವುದಕ್ಕೂ ಬಾಯಿ ತೆರೆದವರಲ್ಲ.

ನಾನು ಊಟಿಯ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಾಗ ಅತ್ತೆಗೆ ಕಣ್ಣು ಮಂಜಾಯಿತು. ಡಾಕ್ಟರಿಗೆ ತೋರಿಸಲು ಚಿಕ್ಕಮ್ಮ ಕರೆದುಕೊಂಡು ಬಂದಳು. ನಾನು ಹಾಸ್ಟೆಲಿನಿಂದ ಹೋಗಿ ಜೊತೆಯಾದೆ. ಕಣ್ಣಿಗೆ ಹನಿ ಬಿಟ್ಟು ಕೂರಿಸಿ, ನೋಡಿ ಕಳಿಸುವಷ್ಟರಲ್ಲಿ ಹೊತ್ತು ಏರಿಬಿಟ್ಟಿತ್ತು. ಬೆಳಕು ಕಂಡರೆ ಅತ್ತೆಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಊಟಿಗೆ ಬಂದರೆ ಅವಳು ಒಂದು ಲೋಟ ನೀರನ್ನೂ ಮುಟ್ಟುತ್ತಿರಲಿಲ್ಲ.

“ಅಣ್ಣನ ಹೋಟ್ಲಲ್ಲಿ ಒಂಚೂರು ಕುಂತು ಹೋಗೋಣ, ಅತ್ತಿಗೆ,” ಎಂದಳು ಚಿಕ್ಕಮ್ಮ. “ನೀವು ಒಲೆ ಮೇಲಿಂದು ಏನೂ ತಿನ್ನಬೇಡಿ. ಬೇಯಿಸದೆ ಇರೋದು ಕೊಡಿಸ್ತೀನಿ. ಹಸಿ ಕೋಸು. ನಮ್ಮ ತಗ್ಗಿಂದೇ ಇರಬೇಕು, ಮಂಡಿಯಿಂದ ಇಲ್ಲಿಗೇ ಬರ್ತದೆ.”

ಇದು ನಮ್ಮಲ್ಲಿ ಹಳೆಯ ಲೆಕ್ಕ. ಬೆಂಕಿ ತಾಗಿದ ಅನ್ನಕ್ಕೆ ಮಾಡಿದವರ ಕೈ ಅಂಟುತ್ತದೆ. ಹಣ್ಣು, ಹಸಿ ತರಕಾರಿ, ಹಾಲು, ಮೊಸರು ಯಾರು ಕೊಟ್ಟರೂ ತಿನ್ನಬಹುದು. ಅತ್ತೆ ಬದುಕಿಡೀ ಆ ಗೆರೆಯ ಮೇಲೇ ನಡೆದವಳು. ಹಸಿಯದು ಎಂದ ಮೇಲೆ ಅವಳಿಗೆ ಬೇರೆ ಪ್ರಶ್ನೆ ಏಳಲಿಲ್ಲ. ಕೋಸು ಬೆಳೆಯುವವಳಿಗೆ ಕೋಸಿನ ಮೇಲೆ ಅನುಮಾನ ಬರುತ್ತದೆಯೇ?

ಚಿಕ್ಕಮ್ಮನ ಅಣ್ಣ ಒಂದು ಗಾಜಿನ ಬಟ್ಟಲಲ್ಲಿ ತಂದಿಟ್ಟು, “ಕೋಲ್‌ಸ್ಲಾ” ಎಂದ. ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿದ ಕೋಸು, ನಡುವೆ ಕ್ಯಾರೆಟ್ಟು, ಎಲ್ಲಕ್ಕೂ ಬಿಳಿ ಕೆನೆಯಂಥದ್ದು ಅಂಟಿಕೊಂಡಿತ್ತು. ಹನಿ ಹಾಕಿದ ಕಣ್ಣಿಗೆ ಅತ್ತೆಗೆ ಕಂಡದ್ದು ಬರಿಯ ಬಿಳುಪು. ಸಸ್ಯಾಹಾರಕ್ಕೆ ಹಸಿರು ಚುಕ್ಕೆ, ಮಾಂಸಾಹಾರಕ್ಕೆ ಕೆಂಪು ಚುಕ್ಕೆ ಎಂಬುದು ಆ ಕಾಲಕ್ಕೆ ಇನ್ನೂ ಬಂದಿರಲಿಲ್ಲ. “ಕೆನೆಮೊಸರಾ?” ಎಂದು ಕೇಳಿದಳು. ಅಣ್ಣ ತಂಗಿಯ ಮುಖ ನೋಡಿದ. ತಂಗಿ, “ಹೂಂ, ಅಂಥದ್ದೇ,” ಎಂದಳು. ತನಗೆ ಕೋಸು ತಿಂದರೆ ಹೊಟ್ಟೆ ಉಬ್ಬರಿಸುತ್ತದೆ ಎಂದು ಹೇಳಿ ಬರೀ ಕಾಫಿ ತರಿಸಿಕೊಂಡಳು. ನನಗೆ ಆಗಲೇ ಏನಾದರೂ ಹೊಳೆಯಬೇಕಿತ್ತೇ? ಹೊಳೆಯಲಿಲ್ಲ. ನನ್ನ ಬಟ್ಟಲನ್ನು ನಾನು ಚಪ್ಪರಿಸಿ ತಿಂದೆ.

ಅತ್ತೆ ಮೊದಲು ಒಂದು ಎಳೆ ಬಾಯಿಗಿಟ್ಟಳು. ಆಮೇಲೆ ಒಂದು ಚಮಚ. ಆಮೇಲೆ ಚಮಚ ಬದಿಗಿಟ್ಟು ಕೈಯಲ್ಲೇ ತಿಂದಳು. ಅವಳು ಇನ್ನೊಬ್ಬರು ಮಾಡಿದ್ದನ್ನು ಅಷ್ಟು ಆಸೆಯಿಂದ ತಿಂದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬಟ್ಟಲು ಖಾಲಿಯಾದ ಮೇಲೆ ಬೆರಳಿನಿಂದ ಒರೆಸಿ ನೆಕ್ಕಿದಳು. “ಒಳ್ಳೆಂಗ ಇತ್ತು,” ಎಂದಳು, ತನಗೇ ನಾಚಿಕೆಯಾದವಳಂತೆ. “ಇನ್ನೊಂದು ತರಿಸ್ಲಾ, ಅತ್ತಿಗೆ?” ಎಂದಳು ಚಿಕ್ಕಮ್ಮ. ತರಿಸಿದಳು. ಎರಡನೆಯದನ್ನು ಅತ್ತೆ ತಿನ್ನುವುದನ್ನು ಅವಳು ಕೆನ್ನೆಗೆ ಕೈಯಿಟ್ಟುಕೊಂಡು ನೋಡಿದಳು. ಅಷ್ಟು ಪ್ರೀತಿಯಿಂದ ಅವಳು ಅತ್ತೆಯನ್ನು ನೋಡಿದ್ದು ಅದೇ ಮೊದಲು ಎಂದು ನನಗೆ ಸಂತೋಷವಾಯಿತು. ನನ್ನ ಬುದ್ಧಿಗೆ ಬೆಂಕಿ ಹಾಕ.

ಊರಿಗೆ ಹೋದವಳೇ ಅತ್ತೆ ಅದನ್ನೇ ಮಾಡತೊಡಗಿದಳು. ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೇತುಹಾಕಿ, ನೀರು ಇಳಿಸಿ, ಕೆನೆ ಸೇರಿಸಿ, ಸಕ್ಕರೆ, ಉಪ್ಪು, ಮೆಣಸು ಹಾಕಿ ಕಲಸುವಳು. ಕೋಸನ್ನು ಮಾತ್ರ ಹಲಗೆಯ ಮೇಲೆ ಕೂತ ಚಿಕ್ಕಮ್ಮನೇ ಹೆಚ್ಚಬೇಕು. “ಸಣ್ಣಗೆ ಹೆಚ್ಚು, ಹೋಟ್ಲಲ್ಲಿದ್ದಂಗೆ,” ಎಂದು ಬೈಯುವಳು. ಚಿಕ್ಕಮ್ಮ ತಲೆ ತಗ್ಗಿಸಿ ಸಣ್ಣಗೆ ಹೆಚ್ಚುವಳು. ಹಟ್ಟಿಯ ಹೆಂಗಸರನ್ನೆಲ್ಲ ಕರೆಕರೆದು ಅತ್ತೆ ತಿನ್ನಿಸಿದಳು. “ಇದಕ್ಕೆ ಕೋಲ್‌ಸ್ಲಾ ಅಂತಾರೆ. ನಿಮಗೆಲ್ಲಿ ಗೊತ್ತಾಗಬೇಕು!” ಎನ್ನುವಳು. ಆ ಹೆಸರು ಅವಳ ಬಾಯಲ್ಲಿ ಸಕ್ಕರೆಯಷ್ಟು ಸಿಹಿಯಾಗಿತ್ತು.

ಆ ವರ್ಷ ಅಯ್ಯನೋರ ಪೂಜೆಯ ಸರದಿ ನಮ್ಮ ಮನೆಗೇ ಬಂತು. ಅವರ ಎಲೆಗೆ ಇದನ್ನೂ ಬಡಿಸಬೇಕೆಂದು ಅತ್ತೆಗೆ ಆಸೆ. ಆದರೆ ಹೆಸರಿನ ಅರ್ಥ ತಿಳಿಯದ ಪದಾರ್ಥವನ್ನು ಲಿಂಗಕ್ಕೆ ಅರ್ಪಿಸುವ ಎಲೆಗೆ ಹಾಕುವುದು ಹೇಗೆ? “ಕೂಸೇ, ಇಷ್ಟು ಓದ್ತೀಯಲ್ಲ, ಆ ಹೆಸರಿನ ಒಳಗೆ ಏನೇನಿದೆ ನೋಡಿಕೊಂಡು ಬಾ,” ಎಂದು ನನಗೆ ಹೇಳಿಕಳಿಸಿದಳು.

ಕಾಲೇಜಿನ ಲೈಬ್ರರಿಯ ದೊಡ್ಡ ಡಿಕ್ಷನರಿಯಲ್ಲಿ ಹುಡುಕಿದೆ. ಪದ ಇಂಗ್ಲಿಷರದ್ದಲ್ಲ, ಡಚ್ಚರದ್ದು. ಕೋಲ್ ಎಂದರೆ ಅವರ ಭಾಷೆಯಲ್ಲಿ ಕೋಸು. ಸ್ಲಾ ಎಂಬುದು ಸಲಾಡ್ ಎನ್ನುವುದರ ಮೊಟಕು ರೂಪ. ಡಚ್ಚರು ಅದನ್ನು ಹಡಗಿನಲ್ಲಿ ಅಮೆರಿಕಕ್ಕೆ ಹೊತ್ತುಕೊಂಡು ಹೋದರು, ಅಲ್ಲಿ ಇಂಗ್ಲಿಷಿನವರ ಬಾಯಿಗೆ ಬಿತ್ತು. ತಣ್ಣಗಿರುತ್ತದಲ್ಲ ಎಂದು ಕೆಲವರು ಅದನ್ನು ಕೋಲ್ಡ್ ಸ್ಲಾ ಎಂದೂ ಮಾಡಿದರು. ಇನ್ನೂ ಹಿಂದಕ್ಕೆ ಹೋದರೆ ಕೋಲ್ ಎನ್ನುವುದಕ್ಕೆ ಲ್ಯಾಟಿನ್ನಿನಲ್ಲಿ ದಂಟು ಎಂಬ ಅರ್ಥ; ಹೂಕೋಸಿನ ಇಂಗ್ಲಿಷ್ ಹೆಸರಿನ ಮೊದಲರ್ಧವೂ ಅದೇ ಬೇರಿನದು. ಸಲಾಡಿನ ಬೇರು ಉಪ್ಪು. ನಮ್ಮ ‘ಕೋಸು’ ಯಾವ ಪರದೇಶಿಯ ಬಾಯಿಂದ ಉದುರಿದ್ದೋ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಪುಟ ತಿರುವುತ್ತ ನನಗೆ ಖುಷಿಯೋ ಖುಷಿ.

ಶನಿವಾರ ಬಸ್ಸು ಹಿಡಿದು ಹೋಗಿ ಎಲ್ಲವನ್ನೂ ಒಪ್ಪಿಸಿದೆ. ಅತ್ತೆ ಕಿವಿಗೊಟ್ಟು ಕೇಳಿದಳು. “ಅಂದರೆ ಕೋಸು, ಉಪ್ಪು. ಅಷ್ಟೇನಾ?”

“ಅಷ್ಟೇ, ಅತ್ತೆ.”

“ಇಷ್ಟಕ್ಕೆ ಹಡಗು ಯಾಕೆ ಬೇಕಿತ್ತು ಅವಕ್ಕೆ!” ಎಂದು ನಕ್ಕಳು. ಹಲಗೆಯ ಮೇಲಿದ್ದ ಚಿಕ್ಕಮ್ಮನೂ ನಕ್ಕಳು. ಹೋಟೆಲಿನಿಂದ ಬಂದು ತಿಂಗಳುಗಳೇ ಕಳೆದಿದ್ದವು. ಒಂದು ಮಾತು ಹೇಳಿ ಆ ತಾಯಿ ಅದನ್ನು ಅಲ್ಲೇ ಮುಗಿಸಬಹುದಿತ್ತು. ಕಾದಳು. ಸೇಡು ಮೊಸರಿನ ಹಾಗೆ, ಹೆಪ್ಪು ಹಾಕಿದ ಮೇಲೆ ಅಲುಗಾಡಿಸಬಾರದು ಎಂದು ಅವಳಿಗೆ ಗೊತ್ತಿತ್ತು.

ಪೂಜೆಯ ದಿನ ಬಂತು. ಅಯ್ಯನೋರು ನಡುಮನೆಯಲ್ಲಿ ಕೂತರು. ಪಾದಪೂಜೆ ಆಯಿತು. ಹಟ್ಟಿಯ ಹಿರಿಯರು ಸಾಲಾಗಿ ಕೂತರು, ಹೆಂಗಸರು ಬಾಗಿಲಲ್ಲಿ. ಅತ್ತೆ ಒಂದೊಂದಾಗಿ ಬಡಿಸುತ್ತ ಬಂದು, ಎಲೆಯ ಬಲತುದಿಗೆ ಅದನ್ನು ಇಟ್ಟಳು.

“ಇದೇನವ್ವ, ಬೆಳ್ಳಗದಲ್ಲ?” ಎಂದರು ಅಯ್ಯನೋರು.

“ಕೋಲ್‌ಸ್ಲಾ, ಅಯ್ಯ. ಊಟಿ ದೊಡ್ಡ ಹೋಟ್ಲಲ್ಲಿ ನಾ ತಿಂದೆ. ಅಲ್ಲಿ ಇದ್ದಂಗೇ ಮಾಡಿದೆ. ಹಸೀದು, ಮೈಲಿಗೆ ಇಲ್ಲೆ. ಕೂಸೇ, ಹೆಸರಿನ ಅರ್ಥ ಹೇಳು.”

ನಾನು ಎದೆಯುಬ್ಬಿಸಿ ಹೇಳಿದೆ. ಡಚ್ಚರು, ಹಡಗು, ಕೋಸು, ಉಪ್ಪು, ಎಲ್ಲವನ್ನೂ. ಹಿರಿಯರು ತಲೆದೂಗಿದರು. ಅಪ್ಪನ ಮುಖ ಅರಳಿತು. ಅಯ್ಯನೋರು ಅಂಗೈಯ ಲಿಂಗಕ್ಕೆ ತೋರಿಸಲು ಒಂದು ಚಿಟಿಕೆ ಕೈಗೆತ್ತಿಕೊಂಡರು. ಆಗ ಹಲಗೆಯ ಕಡೆಯಿಂದ ಚಿಕ್ಕಮ್ಮನ ದನಿ ಬಂತು. ಬೆಣ್ಣೆಯಂಥ ದನಿ.

“ಹೋಟ್ಲಲ್ಲಿ ಇದ್ದಂಗೇ ಅಂದ್ರಿ, ಅತ್ತಿಗೆ. ಮೊಟ್ಟೆ ಹಾಕಿಲ್ಲವಲ್ಲ?”

ಯಾರಿಗೂ ಅರ್ಥವಾಗಲಿಲ್ಲ. ಅತ್ತೆ ತಿರುಗಿ, “ಯಾವ ಮೊಟ್ಟೆ?” ಎಂದಳು.

“ಆ ಬಿಳೀದು ಮೊಸರಲ್ಲ, ಅತ್ತಿಗೆ. ಮೊಟ್ಟೆ ಒಡೆದು ಎಣ್ಣೆ ಹಾಕಿ ಕಡೀತಾರೆ. ಎನ್ನ ಅಣ್ಣನೇ ಕಡಿಯೋದು. ಬೇಕಾದ್ರೆ ಕರೆಸಿ ಕೇಳಿ. ನೀವು ಎರಡು ಬಟ್ಟಲು ತಿಂದ್ರಿ.” ಸ್ವಲ್ಪ ತಡೆದು, “ಮೊಟ್ಟೆನೂ ಹಸೀದೇ ಹಾಕೋದು. ನಿಮಗೆ ಹಸೀದಾದರೆ ಆಗ್ತದಲ್ಲ,” ಎಂದಳು.

ನಾನು ಕಿರುಚಿದೆ. “ಸುಳ್ಳು! ಡಿಕ್ಷನರಿಯಲ್ಲಿ ಮೊಟ್ಟೆ ಇಲ್ಲ!” ಬಾಗಿಲಲ್ಲಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. “ಡಿಕ್ಷನರಿ ನೋಡಿ ಯಾರು ಮಗಾ ಅಡುಗೆ ಮಾಡ್ತಾರೆ?” ಎಂದಳು ಚಿಕ್ಕಮ್ಮ. ಅದು ನಿಜವೇ. ಆ ದಪ್ಪ ಪುಸ್ತಕ ಪದಕ್ಕೆ ತಂದೆ ಯಾರು ತಾಯಿ ಯಾರು ಎಂದು ಹೇಳಿತ್ತು, ಬಟ್ಟಲಲ್ಲಿ ಏನಿದೆ ಎಂದು ಹೇಳಿರಲಿಲ್ಲ.

ಅತ್ತೆ ಸೌಟು ಹಿಡಿದು ನಿಂತೇ ಇದ್ದಳು. ಬಾಯಿ ತುಸು ತೆರೆದಿತ್ತು. ಮೀನಿನ ವಾಸನೆಗೆ ಗಂಡನನ್ನು ಬಿಟ್ಟವಳು. ಆ ಬಾಯಲ್ಲಿ ಆಗ ಯಾವ ರುಚಿ ಬಂದಿರಬಹುದೆಂದು ನಾನು ಇಂದಿಗೂ ನೆನೆಯುತ್ತೇನೆ.

ಅಯ್ಯನೋರು ಒಳ್ಳೆಯವರು. ಕೈಯಲ್ಲಿದ್ದ ಚಿಟಿಕೆಯನ್ನು ಎಲೆಯ ಮೇಲಿಟ್ಟು ಮೆಲ್ಲನೆ ಕೇಳಿದರು. “ತಿಳಿದು ತಿಂದ್ಯವ್ವ, ತಿಳೀದೆ ತಿಂದ್ಯ?”

ಬಾಗಿಲು ತೆರೆದುಕೊಟ್ಟ ಹಾಗಿತ್ತು. ತಿಳಿಯದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅತ್ತೆಯ ತುಟಿ ಅಲುಗಿದ್ದನ್ನು ನಾನು ಕಂಡೆ. ಅಷ್ಟರಲ್ಲಿ ಚಿಕ್ಕಮ್ಮ, ಯಾರಿಗೂ ಅಲ್ಲ ಎಂಬಂತೆ, ಮಣೆಯ ಮೇಲಿನ ಕೋಸಿನ ಚೂರುಗಳನ್ನು ಕೈಯಲ್ಲಿ ಒತ್ತರಿಸುತ್ತ ಹೇಳಿದಳು.

“ಗೊತ್ತಿಲ್ಲದೆ ಮುಟ್ಟಿರೂ ಕಿಚ್ಚು ಸುಡ್ತದೆ.”

ಅತ್ತೆಯ ಬಾಯಿ ಮುಚ್ಚಿತು.

“ಲಿಂಗ ಕಟ್ಟಿದೋರಿಗೆ ಮೈಲಿಗೆ ಅನ್ನೋದೇ ಇಲ್ಲ ಕಣವ್ವ,” ಎಂದರು ಅಯ್ಯನೋರು. “ವಿಭೂತಿ ತಗೋ. ಬಡಿಸು.” ಅತ್ತೆ ಮಂಡಿಯೂರಿ ವಿಭೂತಿ ಹಚ್ಚಿಸಿಕೊಂಡಳು. ಎದ್ದು ಹಲಗೆಯ ಹತ್ತಿರ ಹೋದಳು. ಚಿಕ್ಕಮ್ಮನ ಮುಂದೆ ಸೌಟನ್ನು ನೆಲಕ್ಕಿಟ್ಟಳು. “ಗೊತ್ತಿಲ್ಲೆ ಅನ್ನೋ ಮಾತು ಆ ಅಡುಗೆಮನೆಲಿ ಇಲ್ಲೆ,” ಎಂದಷ್ಟೇ ಹೇಳಿ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡಳು. ಅದು ಒಳಗಿನವರೆಗೆ ಕೇಳಿಸಿತು. ಹಿರಿಯರು ಎಲೆ ನೋಡುತ್ತ ಕೂತರು. ಆಮೇಲೆ ಒಬ್ಬೊಬ್ಬರಾಗಿ ಉಂಡರು, ಹಸಿದಿದ್ದರು. ಆ ಬಿಳಿಯದನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಪಾತ್ರೆಗಟ್ಟಲೆ ದನಕ್ಕೆ ಹೋಯಿತು. ನಾನೂ ಆ ಹೋಟೆಲಿನಲ್ಲಿ ಒಂದು ಬಟ್ಟಲು ತಿಂದಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ, ನನ್ನದು ಹೋಗುವಂಥದ್ದು ಏನೂ ಇರಲಿಲ್ಲವಲ್ಲ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಮುಂದಿನ ಅಯ್ಯನೋರ ಊಟಕ್ಕೆ ಚಿಕ್ಕಮ್ಮ ಸೌಟು ಹಿಡಿದಳು. ಅತ್ತೆ ಹಲಗೆಯ ಮೇಲೆ ಕೂತು ಕೋಸು ಹೆಚ್ಚಿದಳು. ಯಾರೂ ಅವಳನ್ನು ಅಲ್ಲಿ ಕೂರಿಸಲಿಲ್ಲ, ತಾನೇ ಹೋಗಿ ಕೂತಳು. ಯಾರೂ ಏಳು ಎಂದು ಹೇಳಲೂ ಇಲ್ಲ. ಊರ ಬಾಯಿ ಕೇಳಬೇಕೇ? ಮೊದಲು ಹುಡುಗರು ಶುರು ಮಾಡಿದರು, ಅವಳು ಬುಗ್ಗೆಯ ದಾರಿಯಲ್ಲಿ ಬಂದರೆ “ಕೋಲ್‌ಸ್ಲಾ ಬಂತು” ಎಂದು. ಆಮೇಲೆ ದೊಡ್ಡವರು. “ತಮಿಳರು ಕೋಸಿಗೆ ಸುಮ್ಮನೆ ಮುಟ್ಟೈಕೋಸು ಅಂತಾರಾ? ಹೆಸರಲ್ಲೇ ಮೊಟ್ಟೆ ಇಟ್ಟವ್ರೆ, ಇವಳಿಗೇ ಗೊತ್ತಾಗಲಿಲ್ಲ ನೋಡು,” ಎಂದು ಎಲೆ ಕೀಳುವ ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಅವಳಿಗೆ ಕೈ ಮುಗಿಯುತ್ತಿದ್ದವರೇ ಹೆಚ್ಚು ನಕ್ಕರು. ಅಪ್ಪ ಅವಳ ಮಾತಿಗೆ ಎದುರಾಡಲು ಕಲಿತರು. ಪದ ಬೆಳೆಯಿತು. ಅವಳನ್ನು ಬಿಟ್ಟು ಬೇರೆಯವರಿಗೂ ಅಂಟಿಕೊಳ್ಳತೊಡಗಿತು. ಕೊನೆಗೆ ಅವಳಿಲ್ಲದೆಯೂ ನಡೆಯುವುದನ್ನು ಕಲಿತುಬಿಟ್ಟಿತು.

ಆಮೇಲೆ ವರ್ಷಗಳು ಹೋದವು. ಟೀ ಎಲೆಯ ಬೆಲೆ ಬಿದ್ದು ಎಷ್ಟೋ ಮನೆಯವರು ಕೊಯಮತ್ತೂರಿಗೆ ಇಳಿದರು. ನಾನು ಊಟಿಯಲ್ಲೇ ಟೀಚರಾದೆ. ಒಂದು ಚಳಿಗಾಲ, ಬೆಳಗಿನ ಹಿಮ ಕರಗಿ ಒದ್ದೆಯಾದ ಮೆಟ್ಟಿಲ ಮೇಲೆ ಅತ್ತೆ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ನಡುಮನೆಯಲ್ಲಿ ಮಂಚ ಹಾಕಿದರು. ಅವಳ ಹೇಲು ಉಚ್ಚೆ ಬಾಚಿದವಳು, ಮೈ ಒರೆಸಿದವಳು, ಅನ್ನ ಮೆತ್ತಗೆ ಹಿಸುಕಿ ಬಾಯಿಗಿಟ್ಟವಳು ಚಿಕ್ಕಮ್ಮ. ಬೈದುಕೊಂಡೇ ಮಾಡಿದಳು, ಆದರೆ ಒಂದು ದಿನವೂ ತಪ್ಪಿಸಲಿಲ್ಲ. ಅಷ್ಟು ಹೊತ್ತಿಗೆ ಅವಳೂ ಹೊರಗಿನ ಒಂದು ಲೋಟ ನೀರು ಮುಟ್ಟದವಳಾಗಿದ್ದಳು. ಡ್ರಮ್ಮಿನ ನೀರಿಗೆ ಕೈ ಹಾಕಿದ ಮಕ್ಕಳ ಬೆನ್ನಿಗೆ ಗುದ್ದುತ್ತಿದ್ದಳು.

ರಜೆಯಲ್ಲಿ ನಾನು ಹೋದಾಗ ಅತ್ತೆ ಊಟವನ್ನೇ ಬಿಟ್ಟಿದ್ದಳು. ಏನು ಬೇಕು ಎಂದರೆ ಮುಖ ತಿರುಗಿಸುತ್ತಿದ್ದಳು. ಮಧ್ಯಾಹ್ನ ನಾನು ಮತ್ತೆ ಮತ್ತೆ ಪೀಡಿಸಿದ್ದಕ್ಕೆ, “ಕೋಲ್‌ಸ್ಲಾ,” ಎಂದಳು.

ಆ ಹೆಸರನ್ನು ಅವಳ ಬಾಯಲ್ಲಿ ಪೂಜೆಯ ದಿನದಿಂದ ನಾನು ಕೇಳಿರಲಿಲ್ಲ. ಚಿಕ್ಕಮ್ಮ ಅಡುಗೆಮನೆಯಿಂದ ಕೇಳಿಸಿಕೊಂಡಳು. ಮೊಸರು ಕಟ್ಟಿ ನೇತುಹಾಕಿದಳು. ತಾನೇ ಕೂದಲೆಳೆಯಂತೆ ಕೋಸು ಹೆಚ್ಚಿದಳು. ಕಲಸಿ ಬಟ್ಟಲಲ್ಲಿ ತಂದು, ಮಂಚದ ಅಂಚಿಗೆ ಕೂತು, ಅತ್ತೆಯ ತಲೆಯನ್ನು ತನ್ನ ತೋಳಿಗೆ ಒರಗಿಸಿಕೊಂಡು ಚಮಚದಲ್ಲಿ ಬಾಯಿಗಿಟ್ಟಳು. ಅತ್ತೆ ಒಂದೆರಡು ಸಲ ಜಗಿದಳು. ಉಗುಳಿದಳು.

“ಇದಲ್ಲ. ಅವತ್ತಿಂದು. ಮೊಟ್ಟೇದು.”

“ಈ ಮನೆಲಿ ಮೊಟ್ಟೆ ಒಡೆಯಲ್ಲ, ಅತ್ತಿಗೆ,” ಎಂದಳು ಚಿಕ್ಕಮ್ಮ.

“ಮತ್ತೆ ಎನಗೆ ಯಾಕೆ ತಿನ್ನಿಸ್ದೆ?”

ಇಷ್ಟು ವರ್ಷ ಇಬ್ಬರೂ ಆ ಮಾತನ್ನು ಆಡಿರಲಿಲ್ಲ. ಚಿಕ್ಕಮ್ಮ ಚಮಚವನ್ನು ಬಟ್ಟಲಿಗೆ ಹಾಕಿದಳು.

“ನೀವು ಎನ್ನ ಸಾರು ಚೆಲ್ಲಿದ್ರಿ,” ಎಂದಳು. ದನಿ ಒಡೆದಿತ್ತು, ಹೊಸ ಸೊಸೆಯ ದನಿ. “ಒಂದು ಹನಿ ನೀರಿಗೆ ಚೆಲ್ಲಿದ್ರಿ.”

ಅತ್ತೆ ಅವಳ ತೋಳಿನ ಮೇಲೆ ತಲೆಯಿಟ್ಟುಕೊಂಡೇ ತೊಲೆ ನೋಡಿದಳು. ಅತ್ತೆಯ ಮುಖದಲ್ಲಿ ನಗುವಿನಂಥದ್ದು ಬಂತು.

“ನೀರಿಗಲ್ಲ,” ಎಂದಳು. “ಘಮ ಹಟ್ಟಿ ಬಾಗಿಲಿಗೇ ಬಂದಿತ್ತು. ಅಷ್ಟು ಚೆನ್ನಾಗಿ ಎನಗೆ ಯಾವತ್ತೂ ಮಾಡಕ್ಕೆ ಬರಲಿಲ್ಲೆ. ಅದಕ್ಕೇ ಚೆಲ್ಲಿದೆ.”

ಚಿಕ್ಕಮ್ಮ ತೋಳನ್ನು ಮೆಲ್ಲಗೆ ಬಿಡಿಸಿಕೊಂಡಳು. ತಲೆಗೆ ದಿಂಬು ಸರಿಮಾಡಿದಳು. ಬಟ್ಟಲು ತೆಗೆದುಕೊಂಡು ಅಡುಗೆಮನೆ ದಾಟಿ ಹೋದಳು. ಹಿತ್ತಲ ಕಲ್ಲಿನ ಮೇಲೆ ಅದನ್ನು ಚೆಲ್ಲಿದ ಸದ್ದು ನಮಗಿಬ್ಬರಿಗೂ ಕೇಳಿಸಿತು.